ನಾಲ್ಕು ಅಡಿ ಎಡಕ್ಕೆ

ನನಗೆ ಹೊಟ್ಟೆಕಿಚ್ಚು ಶುರುವಾದದ್ದು ಒಂದು ಖಾಲಿ ಫೋಟೋದಿಂದ. ಅದರಲ್ಲಿ ಕೆಳಗೆ ಬೆಳ್ಳನೆಯ ಉಪ್ಪುನೆಲ, ಎಡಗಡೆ ಮೊಣಕಾಲೆತ್ತರದ ಒಂದು ಕಲ್ಲು, ಬಲಗಡೆಯಿಂದ ಅದರತ್ತ ಚಾಚಿಕೊಂಡ ಒಂದು ಮರಳುದಿಬ್ಬ, ಮೇಲೆ ಮೋಡವಿಲ್ಲದ ಆಕಾಶ ಇದ್ದವು. ಸೂರ್ಯ ಇರಲಿಲ್ಲ. ಒಂಟೆ ಇರಲಿಲ್ಲ. ನಿಲುವಂಗಿ ತೊಟ್ಟು ದೂರ ನೋಡುವ ಮುದುಕನೂ ಇರಲಿಲ್ಲ. ನಮ್ಮ ಆಫೀಸಿನ ಸರ್ವೆಯರ್ ತಮ್ಮ ಮೇಜಿನ ಗಾಜಿನಡಿ ಅದನ್ನು ಇಟ್ಟುಕೊಂಡಿದ್ದರು. ನಕ್ಷೆಯೊಂದಕ್ಕೆ ಸಹಿ ಹಾಕಿಸಿಕೊಳ್ಳಲು ಹೋದವನು ನಾನು. ಇದರಲ್ಲಿ ಏನಿದೆ ಮಹಾ ಎಂದುಕೊಂಡೆ. ಹಾಗೆ ಅಂದುಕೊಂಡವನು ಸಹಿ ಆದ ಮೇಲೂ ಅಲ್ಲೇ ನಿಂತಿದ್ದೆ.

ನಾನಾಗ ದೋಹಾದ ಒಂದು ಕಟ್ಟಡ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ಮೈಸೂರಿನವನು. ಇಡೀ ಊರನ್ನೇ ಅಗೆದುಹಾಕಿದ್ದ ವರ್ಷಗಳು ಅವು. ಬೆಳಿಗ್ಗೆ ಹೋದ ರಸ್ತೆಯಲ್ಲಿ ಸಂಜೆ ವಾಪಸು ಬರಲು ಆಗುತ್ತಿರಲಿಲ್ಲ, ಅಷ್ಟರಲ್ಲಿ ಅದು ಗುಂಡಿಯಾಗಿರುತ್ತಿತ್ತು. ಬಿನ್ ಒಮ್ರಾನ್‌ನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ನಾನು, ನನ್ನ ಹೆಂಡತಿ, ಕನ್ನಡಕ್ಕಿಂತ ಇಂಗ್ಲಿಷಿನಲ್ಲೇ ಜಗಳವಾಡುವ ಮಗಳು. ಅಲ್ಲಿನ ಕನ್ನಡಿಗರ ನಡುವೆ ನನಗೊಂದು ಹೆಸರಿತ್ತು. ನಾಮಕರಣ ಇರಲಿ, ಗಣೇಶನ ಪೂಜೆ ಇರಲಿ, ರಾಜ್ಯೋತ್ಸವ ಇರಲಿ, 'ಫೋಟೋಗ್ರಾಫರ್ ಬಂದ್ರಾ?' ಎಂದು ಜನ ಕೇಳಿದರೆ ಅದು ನಾನೇ. ಹೊಸದಾಗಿ ಬಂದ ಡಿಜಿಟಲ್ ಕ್ಯಾಮೆರಾ ನಮ್ಮ ಗುಂಪಿನಲ್ಲಿ ಮೊದಲು ತಂದವನೂ ನಾನೇ. ಅದರ ಲೆನ್ಸು ನನ್ನ ಮೊಣಕೈಯಷ್ಟು ಉದ್ದವಿತ್ತು. ಅದನ್ನು ಕುತ್ತಿಗೆಗೆ ಹಾಕಿಕೊಂಡು ನಡೆದರೆ ಜನ ತಾವಾಗಿ ದಾರಿ ಬಿಡುತ್ತಿದ್ದರು, ಅದು ನನಗೆ ಬಹಳ ಇಷ್ಟವಾಗುತ್ತಿತ್ತು.

ಶುಕ್ರವಾರ ರಜೆ. ಬೆಳಿಗ್ಗೆಯೇ ಕಾರು ತೆಗೆದುಕೊಂಡು ಹೊರಡುತ್ತಿದ್ದೆ. ಸಮುದ್ರದಂಡೆಯ ಮರದ ದೋಣಿಗಳು, ಒಂಟೆಗಳು, ಹಳೆಯ ಮಸೀದಿಯ ಗೋಪುರ, ಮುಳುಗುವ ಸೂರ್ಯ. ಒಂದು ದಿನಕ್ಕೆ ನಾನೂರು ಫೋಟೋ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಆಕಾಶಕ್ಕೆ ಇನ್ನಷ್ಟು ಕೆಂಪು ಸುರಿಯುತ್ತಿದ್ದೆ. 'ಇಷ್ಟು ಕೆಂಪು ಇರುತ್ತೇನ್ರೀ?' ಎಂದು ಹೆಂಡತಿ ಒಮ್ಮೆ ಕೇಳಿದ್ದಳು. 'ನಿನಗೆ ಗೊತ್ತಾಗಲ್ಲ ಬಿಡು' ಎಂದಿದ್ದೆ. ಪ್ರತಿ ನವೆಂಬರಿನಲ್ಲಿ ನಮ್ಮ ಕನ್ನಡ ಬಳಗ ಶಾಲೆಯೊಂದರ ಸಭಾಂಗಣ ಬಾಡಿಗೆಗೆ ಹಿಡಿದು ಕಾರ್ಯಕ್ರಮ ಮಾಡುತ್ತಿತ್ತು. ಸಭಾಂಗಣಕ್ಕೆ ಹೋಗುವ ಹಾದಿಯ ಉದ್ದನೆಯ ಗೋಡೆಯ ಮೇಲೆ ನಾಲ್ಕು ವರ್ಷದಿಂದ ನನ್ನ ಫೋಟೋಗಳೇ ತೂಗುತ್ತಿದ್ದವು. ಆ ಗೋಡೆ ನನ್ನದು ಅನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಎಲ್ಲರಿಗಿಂತ ಕಡಿಮೆ ಅನುಮಾನ ನನಗಿತ್ತು.

ಸರ್ವೆಯರ್ ಉಡುಪಿ ಕಡೆಯವರು, ಮನೆಯ ಮಾತು ತುಳು. ನನಗಿಂತ ಏಳೆಂಟು ವರ್ಷ ದೊಡ್ಡವರು. ಬಿಸಿಲಲ್ಲಿ ಕಾದು ಕಾದು ಮುಖ ಹಳೆಯ ಚಪ್ಪಲಿಯ ಬಣ್ಣಕ್ಕೆ ತಿರುಗಿತ್ತು. ಸಂಸಾರ ಊರಲ್ಲಿ, ಇವರು ನಜ್ಮಾ ಬಡಾವಣೆಯಲ್ಲಿ ಮೂವರ ಜೊತೆ ಒಂದೇ ಕೋಣೆಯಲ್ಲಿ. ಅಲ್ಲೇ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಸಿಕ್ಕಿದ ರೋಲಿನ ಕ್ಯಾಮೆರಾ ಅವರದ್ದು. ಒಂದೇ ಲೆನ್ಸು, ಅದೂ ಮುಂದೆ ಹಿಂದೆ ಚಾಚದ್ದು. ಹತ್ತಿರ ಬೇಕೆಂದರೆ ನಡೆದುಕೊಂಡು ಹತ್ತಿರ ಹೋಗಬೇಕು. ಇಂಥ ಕ್ಯಾಮೆರಾದಲ್ಲಿ ಆ ಫೋಟೋ ತೆಗೆದರಲ್ಲ ಎನ್ನುವುದು ನನ್ನ ಮೊದಲ ಸಂಕಟ. 'ಇನ್ನೊಮ್ಮೆ ಹೋಗುವಾಗ ನಾನೂ ಬರ್ತೀನಿ' ಎಂದೆ. ಹೇಗೆ ತೆಗೆಯುತ್ತಾರೆ ಎಂದು ನೋಡಿ ಕಲಿತುಬಿಟ್ಟರೆ ಆಯಿತಲ್ಲ ಎಂಬ ಲೆಕ್ಕ ನನ್ನದು.

ಫೆಬ್ರವರಿಯ ಮೊದಲ ಶುಕ್ರವಾರ ಅವರ ಪಿಕಪ್‌ನಲ್ಲಿ ಹೋದೆವು. ದೋಹಾದಿಂದ ದಕ್ಷಿಣಕ್ಕೆ, ಕಾರ್ಖಾನೆಗಳ ಚಿಮಣಿ ದಾಟಿ, ಡಾಂಬರು ಮುಗಿದು ಮರಳು ಶುರುವಾಗುವ ಕಡೆ. ಅಲ್ಲಿನ ದಿಬ್ಬಗಳು ಗಟ್ಟಿನೆಲದ ಮೇಲೆ ಒಂದೊಂದಾಗಿ ಬಿದಿಗೆ ಚಂದ್ರನ ಆಕಾರದಲ್ಲಿ ಕೂತಿರುತ್ತವೆ. ಗಾಳಿ ಬೀಸಿದ ಹಾಗೆ ಇಡೀ ದಿಬ್ಬವೇ ತೆವಳಿಕೊಂಡು ಮುಂದಕ್ಕೆ ಹೋಗುತ್ತದೆ, ವರ್ಷಕ್ಕೆ ಇಷ್ಟೋ ಅಷ್ಟೋ ಮಾರು. ಗಟ್ಟಿನೆಲದಲ್ಲಿ ಒಂದು ಮರದ ಗೂಟ ಹುಗಿದಿತ್ತು. ತಲೆಯ ಮೇಲೊಂದು ಮೊಳೆ, ಕುತ್ತಿಗೆಗೆ ಕೆಂಪು ಪಟ್ಟಿ. ನಮ್ಮ ಸೈಟುಗಳಲ್ಲಿ ಕಂಬ ಎಲ್ಲಿ ಬರಬೇಕು, ಗೋಡೆ ಎಲ್ಲಿ ತಿರುಗಬೇಕು ಎಂದು ತೋರಿಸಲು ಇಂಥವೇ ಗೂಟ ನೆಡುತ್ತಾರೆ. ಪ್ರತಿ ತಿಂಗಳ ಮೊದಲ ಶುಕ್ರವಾರ, ಅದೇ ಹೊತ್ತಿಗೆ, ಅದೇ ಗೂಟದ ನೆತ್ತಿಗೆ ಸರಿಯಾಗಿ ಕ್ಯಾಮೆರಾದ ಮುಕ್ಕಾಲಿ ನಿಲ್ಲಿಸಿ, ಅಷ್ಟೇ ಎತ್ತರದಿಂದ ಅದೇ ದಿಕ್ಕಿಗೆ ಒಂದು ಫೋಟೋ. ಒಂದೇ ಒಂದು. ನವೆಂಬರಿನಿಂದ ಶುರು ಮಾಡಿದ್ದರಂತೆ, ಮುಂದಿನ ಅಕ್ಟೋಬರಿಗೆ ಹನ್ನೆರಡಾಗುತ್ತದೆ.

'ಒಂದೇ ಜಾಗದಿಂದ ಹನ್ನೆರಡು ಸಲ ತೆಗೆದು ಏನ್ ಮಾಡ್ತೀರಿ ಸಾರ್?' ಎಂದೆ.

'ದಿಬ್ಬ ನಡೀತದಲ್ಲ ಸಾರ್. ನಾನೂ ಆಚೆ ಈಚೆ ನಡೆದ್ರೆ ಅದು ನಡೆದದ್ದು ಗೊತ್ತಾಗುದು ಹೇಗೆ? ಇಬ್ಬರಲ್ಲಿ ಒಬ್ರಾದ್ರೂ ನಿಲ್ಬೇಕಲ್ವಾ' ಎಂದರು.

ಆಮೇಲೆ ಮುಕ್ಕಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡರು. ಕ್ಯಾಮೆರಾ ಮುಟ್ಟಲೇ ಇಲ್ಲ. ನಾನಷ್ಟರಲ್ಲಿ ಅರವತ್ತು ಫೋಟೋ ಮುಗಿಸಿದ್ದೆ. ಮೊದಲು ಈ ಗೂಟ ನೆಡಲು ಅವರು ಮೂರು ಶುಕ್ರವಾರ ಬರಿಗೈಯಲ್ಲಿ ಬಂದು ಸುಮ್ಮನೆ ಸುತ್ತಿದ್ದರಂತೆ. 'ಒಂದು ಕಡೆ ನಿಂತ್ರೆ ಹಿಂದೆ ಕರೆಂಟು ಕಂಬ ಕಾಣ್ತದೆ. ಇನ್ನೊಂದು ಕಡೆ ಚಿಮಣಿ. ಫೋಟೋದಲ್ಲಿ ಎಂತ ಬೇಕು ಅಂತ ನಾನು ಹುಡುಕುದಿಲ್ಲ. ಎಂತದ್ದೆಲ್ಲ ಬೇಡ ಅಂತ ಒಂದೊಂದೇ ತೆಗೀತಾ ಬರುದು. ಕಡೆಗೆ ಉಳಿದ ಜಾಗದಲ್ಲಿ ಗೂಟ ಹೊಡಿಯುದು.' ಇದನ್ನು ಅವರು ಚಹಾಕ್ಕೆ ಸಕ್ಕರೆ ಸಾಲದು ಎನ್ನುವಷ್ಟೇ ಸಲೀಸಾಗಿ ಹೇಳಿದರು. ಹನ್ನೆರಡು ವರ್ಷದಿಂದ ಫೋಟೋ ತೆಗೆಯುತ್ತಿದ್ದ ನನ್ನ ತಲೆಗೆ ಒಂದು ದಿನವೂ ಇಂಥದ್ದು ಹೊಳೆದಿರಲಿಲ್ಲ, ಅದಕ್ಕೇ ಮೈ ಉರಿಯಿತು.

ಆಮೇಲೆ ಚೀಲದಿಂದ ಅಳತೆಯ ಟೇಪು ತೆಗೆದು ಆ ಕಲ್ಲಿನಿಂದ ಗೂಟಕ್ಕೆ ಹಿಡಿದು ನೋಡಿದರು. ಕ್ಯಾಮೆರಾದ ಫೋಕಸ್ಸಿಗೆ ದೂರ ಅಳೆಯುತ್ತಿದ್ದಾರೆ ಎಂದು ನಾನು ತಿಳಿದೆ. ಹಳೆಯ ಕ್ಯಾಮೆರಾದವರು ಹಾಗೆ ಮಾಡುವುದುಂಟು. 'ನಂದು ಆಟೋಫೋಕಸ್, ಈ ಕಷ್ಟ ಇಲ್ಲ' ಎಂದು ನಕ್ಕೆ. ಅವರೂ ನಕ್ಕರು. ಅಷ್ಟರಲ್ಲಿ ದೂರದಲ್ಲಿ ಒಂಟೆಗಳ ಸಾಲೊಂದು ಕಾಣಿಸಿತು, ನಾನು ಲೆನ್ಸು ಎತ್ತಿಕೊಂಡು ಅತ್ತ ಓಡಿದೆ. ಬೆವರು ಒರೆಸಿಕೊಳ್ಳುತ್ತಾ ವಾಪಸು ಬಂದಾಗ ಅವರ ಫೋಟೋ ಆಗಿಹೋಗಿತ್ತು, ಮುಕ್ಕಾಲಿ ಮಡಚುತ್ತಿದ್ದರು. 'ಖಲಾಸ್ ಸಾರ್, ಹೋಗುವ' ಎಂದರು.

ಅವತ್ತು ನಾನು ತೆಗೆದ ನೂರಾರು ಫೋಟೋಗಳಲ್ಲಿ ಒಂದೂ ಅವರದ್ದರ ಹತ್ತಿರ ಬರಲಿಲ್ಲ. ಮುಂದಿನ ವಾರ ನಾನೊಬ್ಬನೇ ಹೋಗಿ ಅವರ ಗೂಟದ ಮೇಲೆಯೇ ನಿಂತು ತೆಗೆದೆ. ಆಗಲೂ ಬರಲಿಲ್ಲ. ನನ್ನ ಲೆನ್ಸು ಬೇರೆ, ನನ್ನ ಹೊತ್ತು ಬೇರೆ ಎಂದೆಲ್ಲ ಸಮಾಧಾನ ಹೇಳಿಕೊಂಡೆ. ಮನಸ್ಸು ಒಪ್ಪಲಿಲ್ಲ.

ಮೇ ತಿಂಗಳಲ್ಲಿ ಒಂದು ಶುಕ್ರವಾರ ಅವರನ್ನು ಊಟಕ್ಕೆ ಕರೆದೆ. ಕರೆಯಲು ಹೇಳಿದ್ದು ನನ್ನ ಹೆಂಡತಿ, 'ಪಾಪ, ಒಂಟಿ ಮನುಷ್ಯ' ಎಂದು. ಅದುವರೆಗಿನ ಏಳು ಫೋಟೋಗಳನ್ನು ದೊಡ್ಡದಾಗಿ ತೊಳೆಸಿ ತಂದಿದ್ದರು. ಹೆಂಡತಿ ಊಟದ ಮೇಜಿನ ಮೇಲೆ ಅವನ್ನು ಸಾಲಾಗಿ ಜೋಡಿಸಿಕೊಂಡು ನಿಂತಳು. ಮೊದಲನೆಯದರಲ್ಲಿ ದಿಬ್ಬದ ತುದಿ ಕಲ್ಲಿನಿಂದ ದೂರ. ಎರಡನೆಯದರಲ್ಲಿ ಒಂದಿಷ್ಟು ಹತ್ತಿರ. ಏಳನೆಯದರಲ್ಲಿ ಇನ್ನೂ ಹತ್ತಿರ. ಅಷ್ಟೇ. ಅವಳು ಮೊದಲಿನಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ನೋಡಿದಳು. ಒಳಗೆ ಸಾರು ಉಕ್ಕಿ ಒಲೆ ಆರಿತು. ಗ್ಯಾಸಿನ ವಾಸನೆ ಬಂದು ನಾನೇ ಓಡಿಹೋಗಿ ತಿರುಪಿ ಬಂದೆ. ನನ್ನ ಫೋಟೋ ತೋರಿಸಿದಾಗ ಧಾರಾವಾಹಿಯಿಂದ ಕಣ್ಣು ಕೀಳದೆ 'ಚೆನ್ನಾಗಿದೆ ರೀ' ಅನ್ನುತ್ತಿದ್ದವಳು ಇವಳೇ. ಹನ್ನೊಂದು ವರ್ಷದ ಸಂಸಾರದಲ್ಲಿ ನನ್ನ ಯಾವ ಫೋಟೋಗೂ ಅವಳ ಸಾರು ಉಕ್ಕಿರಲಿಲ್ಲ.

'ಅಯ್ಯೋ ಪಾಪ, ಆ ಕಲ್ಲು ಎಲ್ಲಿಗೆ ಹೋಗುತ್ತೆ?' ಎಂದಳು ಕೊನೆಗೆ.

'ಅದಕ್ಕೆ ಎಲ್ಲಿಗೂ ಹೋಗ್ಲಿಕ್ಕಾಗುದಿಲ್ಲ ಅಕ್ಕಾ' ಎಂದರು ಅವರು. ನನ್ನ ಮನೆಯಲ್ಲಿ, ನನ್ನ ಮೇಜಿನ ಮೇಲೆ, ನನ್ನ ಕಣ್ಣೆದುರಿಗೆ ಅವರಿಬ್ಬರೂ ಒಂದು ಕಲ್ಲಿಗಾಗಿ ಮರುಗುತ್ತಾ ನಿಂತಿದ್ದರು. ನಾನು ಹಪ್ಪಳ ಕರಿಯಲು ಒಳಗೆ ಹೋದೆ.

ಸೆಪ್ಟೆಂಬರಿನಲ್ಲಿ ಬಳಗದ ಕಾರ್ಯದರ್ಶಿ ಫೋನ್ ಮಾಡಿದರು. ಬೆಂಗಳೂರಿನವರು, ಅಲ್ ಅಜೀಜಿಯಾದಲ್ಲಿ ವಿಲ್ಲಾ ಮಾಡಿಕೊಂಡಿದ್ದವರು. ಮಾತಿಗೆ ಮೊದಲು ಮಗಳ ಓದು, ನನ್ನ ಬಿ.ಪಿ. ಎಲ್ಲ ವಿಚಾರಿಸಿದರು. ಇಷ್ಟೊಂದು ವಿಚಾರಿಸಿದಾಗಲೇ ನನಗೆ ಏನೋ ಕಾದಿದೆ ಅನ್ನಿಸಿತು.

'ತಪ್ಪು ತಿಳ್ಕೋಬೇಡಿ ಸಾರ್. ಈ ಸಲ ಆ ಗೋಡೇಗೆ ನಿಮ್ಮ ಸರ್ವೆಯರ್ ಅವರದ್ದು ಹಾಕೋಣ ಅಂತ ಕಮಿಟೀಲಿ ಮಾತಾಯ್ತು. ಏನೋ ಹನ್ನೆರಡು ಫೋಟೋ ಇದೆಯಂತಲ್ಲ, ನಿಮ್ಮ ಮಿಸೆಸ್ಸೇ ಹೇಳಿದ್ರು. ನಿಮ್ಮದು ಪ್ರತಿವರ್ಷ ನೋಡ್ತೀವಲ್ಲ ಹೇಗೂ. ನೀವು ಫಂಕ್ಷನ್ ಫೋಟೋ ತೆಗೀರಿ, ಅದನ್ನ ನಿಮ್ಮಷ್ಟು ಚೆನ್ನಾಗಿ ಯಾರು ತೆಗೀತಾರೆ?'

'ಅದಕ್ಕೇನ್ ಬಿಡಿ ಸಾರ್' ಎಂದೆ. ಫೋನ್ ಇಟ್ಟೆ. ನನ್ನ ಹೆಂಡತಿಯೇ ಹೇಳಿದಳಂತೆ! ಅವತ್ತು ಅವಳ ಜೊತೆ ಮಾತು ಬಿಟ್ಟೆ. ಯಾಕೆ ಅಂತ ಅವಳು ಕೇಳಲಿಲ್ಲ, ಅದಕ್ಕೆ ಇನ್ನೂ ಎರಡು ದಿನ ಬಿಟ್ಟೆ. ಮರುದಿನ ಸರ್ವೆಯರ್ ನನ್ನ ಮೇಜಿನ ಹತ್ತಿರ ಬಂದು ತಲೆ ಕೆರೆದುಕೊಂಡರು. 'ಸಾರ್, ಆ ಗೋಡೆ ನಿಮ್ಮದಂತಲ್ಲ. ನನಗೆ ಗೊತ್ತಿರ್ಲಿಲ್ಲ. ನೀವು ಬೇಡ ಹೇಳಿದ್ರೆ ನಾನೂ ಬೇಡ ಹೇಳ್ತೇನೆ, ನನಗೆ ಎಂತ ಬೇಜಾರಿಲ್ಲ.' ಅವರ ಮುಖದಲ್ಲಿ ನಿಜವಾಗಿಯೂ ಬೇಜಾರಿರಲಿಲ್ಲ. ಒಂದಿಷ್ಟು ಜಂಬ ತೋರಿಸಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. 'ಛೆ ಛೆ, ನೀವು ಹಾಕಿ ಸಾರ್' ಎಂದು ನಗುತ್ತಾ ಅವರ ಬೆನ್ನು ತಟ್ಟಿದೆ.

ಆ ವಾರವೆಲ್ಲ ಗೋಡೆಯ ಯೋಚನೆಯೇ. ಹನ್ನೊಂದು ಫೋಟೋ ಆಗಿಹೋಗಿವೆ, ಉಳಿದದ್ದು ಒಂದು. ಆ ಒಂದು ಕೆಟ್ಟರೆ ಇಡೀ ಸಾಲು ಕೆಡುತ್ತದೆ. ಗೂಟ ಕಿತ್ತು ಎಸೆದರೆ? ಅದು ಆಗುವ ಮಾತಲ್ಲ. ಗೂಟ ಕಾಣದಿದ್ದರೆ ಸರ್ವೆಯರ್ ಆದವನು ಸುಮ್ಮನಿರುವುದಿಲ್ಲ, ಹೇಗೋ ಜಾಗ ಕಂಡುಹಿಡಿಯುತ್ತಾನೆ. ಆದರೆ ಗೂಟ ನಿಂತಿದ್ದರೆ, ನೆಟ್ಟಗೆ, ಪಟ್ಟಿ ಕಟ್ಟಿಕೊಂಡು, ಮೊದಲಿನ ಹಾಗೇ ನಿಂತಿದ್ದರೆ? ನಿಂತ ಗೂಟದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಸೈಟಿನಲ್ಲಿ ಗೂಟ ಕಿತ್ತವನಿಗೆ ಬೈಗುಳ ಸಿಗುತ್ತದೆ. ಸರಿಸಿದವನಿಗೆ ಕೆಲಸವೇ ಹೋಗುತ್ತದೆ, ಯಾಕೆಂದರೆ ಅವನ ದೆಸೆಯಿಂದ ಇಡೀ ಗೋಡೆ ಬೇರೆ ಕಡೆ ಏಳುತ್ತದೆ. ನಮ್ಮ ಕಸುಬಿನಲ್ಲಿ ಅದಕ್ಕಿಂತ ಹೇಸಿಗೆಯ ಕೆಲಸ ಇನ್ನೊಂದಿಲ್ಲ. ಇದೆಲ್ಲ ಚೆನ್ನಾಗಿ ಗೊತ್ತಿದ್ದೇ ನಾನು ಸೆಪ್ಟೆಂಬರಿನ ಕೊನೆಯ ಶುಕ್ರವಾರ ಬೆಳಿಗ್ಗೆ ಆಫೀಸಿನಲ್ಲಿ ಅರ್ಜೆಂಟ್ ಡ್ರಾಯಿಂಗ್ ಇದೆ ಎಂದು ಹೆಂಡತಿಗೆ ಸುಳ್ಳು ಹೇಳಿ ಹೊರಟೆ.

ಅಲ್ಲಿ ನರಪಿಳ್ಳೆ ಇರಲಿಲ್ಲ. ಸೆಕೆಗೆ ಉಸಿರು ಕಟ್ಟುತ್ತಿತ್ತು. ಗೂಟವನ್ನು ಹಿಂದೆ ಮುಂದೆ ಅಲ್ಲಾಡಿಸಿ ಕಿತ್ತೆ. ತೂತಿಗೆ ಉಪ್ಪುಮಣ್ಣು ತುಂಬಿ ಚಪ್ಪಲಿಯಲ್ಲಿ ತುಳಿದೆ. ಎಲ್ಲಿ ನೆಡಬೇಕು ಎಂದು ಯೋಚಿಸಿರಲಿಲ್ಲ. ಗೂಟ ಕೈಯಲ್ಲಿ ಹಿಡಿದುಕೊಂಡು ಆಚೆ ಒಂದಿಷ್ಟು, ಈಚೆ ಒಂದಿಷ್ಟು ನಡೆದೆ. ನಾಲ್ಕು ಅಡಿ ಎಡಕ್ಕೆ ಬಂದಾಗ ಕಾಲು ತಾನಾಗಿ ನಿಂತಿತು. ಇಲ್ಲೇ ಇರಲಿ ಅನ್ನಿಸಿತು. ಕಲ್ಲಿನಿಂದ ಅವರು ದೂರ ಅಳೆದದ್ದು ನೆನಪಿತ್ತು. ಫೋಕಸ್ಸಿನ ಅಳತೆ ತಪ್ಪಿದರೆ ಸಿಕ್ಕಿಬೀಳುತ್ತೇನೆ ಎಂದು ಗೂಟ ಕೀಳುವ ಮೊದಲೇ ಡಿಕ್ಕಿಯಲ್ಲಿದ್ದ ಹಗ್ಗವನ್ನು ಕಲ್ಲಿನಿಂದ ಅದಕ್ಕೆ ಹಿಡಿದು ಗಂಟು ಹಾಕಿಕೊಂಡಿದ್ದೆ. ಈಗ ಅದೇ ಹಗ್ಗ ಹಿಡಿದು, ಅಷ್ಟೇ ದೂರಕ್ಕೆ ಸರಿಯಾಗಿ, ಜಾಕಿನ ಹಿಡಿಯಿಂದ ಗೂಟ ಬಡಿದೆ. ಬಡಿದ ಮೇಲೆ ಅದು ಒಂದು ಕೂದಲೆಳೆಯಷ್ಟು ವಾಲಿತ್ತು. ಓರೆ ಗೂಟವನ್ನು ಹಾಗೆ ಬಿಟ್ಟುಹೋಗಲು ಕೈ ಬರಲಿಲ್ಲ. ಮಂಡಿಯೂರಿ ಕೂತು, ಒಂದು ಕಣ್ಣು ಮುಚ್ಚಿ ನೋಡಿ, ನೆಟ್ಟಗೆ ಮಾಡಿ, ಪಟ್ಟಿಯನ್ನು ಬಿಗಿಯಾಗಿ ಕಟ್ಟಿದೆ. ವಾಪಸು ಬರುವಾಗ ದಾರಿಯಲ್ಲಿ ಹಾಡು ಗುನುಗುತ್ತಿದ್ದೆ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಅಕ್ಟೋಬರಿನ ಮೊದಲ ಗುರುವಾರ ಆಫೀಸು ಬಿಡುವ ಹೊತ್ತಿಗೆ ಸರ್ವೆಯರ್ ಬಂದರು. 'ನಾಳೆ ಕಡೇದು ಸಾರ್. ನೀವು ಬರ್ಲೇಬೇಕು. ಒಬ್ನೇ ಮುಗಿಸ್ಲಿಕ್ಕೆ ಮನಸ್ಸಾಗುದಿಲ್ಲ.' ತಪ್ಪಿಸಿಕೊಳ್ಳಲು ನೆವ ಹುಡುಕಿದೆ, ಸಿಗಲಿಲ್ಲ.

ಬೆಳಿಗ್ಗೆ ಪಿಕಪ್ ಇಳಿದು ಅವರು ಎಂದಿನಂತೆ ಚೀಲದಿಂದ ಟೇಪು ತೆಗೆದರು. ಕಲ್ಲಿನಿಂದ ಗೂಟಕ್ಕೆ ಹಿಡಿದರು. ತಲೆಯಾಡಿಸಿ ಪುಟ್ಟ ಪುಸ್ತಕ ನೋಡಿಕೊಂಡರು. ನಾನು ಒಳಗೊಳಗೇ ಬೆನ್ನು ತಟ್ಟಿಕೊಂಡೆ. ಆಮೇಲೆ ಅವರು ಟೇಪು ಹಿಡಿದು ಇನ್ನೊಂದು ದಿಕ್ಕಿಗೆ ನಡೆದರು. ಅಲ್ಲಿ ಯಾವ ಕಾಲದ್ದೋ ತುಕ್ಕು ಹಿಡಿದ ಕಬ್ಬಿಣದ ಕಂಬವೊಂದು ನೆಲದಲ್ಲಿ ಹೂತಿತ್ತು. ಅದರಿಂದಲೂ ಗೂಟಕ್ಕೆ ಟೇಪು ಹಿಡಿದರು. ನಿಂತರು. ಮತ್ತೊಮ್ಮೆ ಹಿಡಿದರು.

ಆಗ ನನಗೆ ಹೊಳೆಯಿತು. ಗೂಟ ನೆಟ್ಟ ಸರ್ವೆಯರ್ ಎರಡು ಗುರುತಿನಿಂದ ಅದರ ದೂರ ಅಳೆದು ಬರೆದಿಡುತ್ತಾನೆ, ಗೂಟ ಕದಲಿದರೆ ಗೊತ್ತಾಗಲಿ ಎಂದು. ಅಂಥ ಅಳತೆಗಳನ್ನು ಆಫೀಸಿನಲ್ಲಿ ದಿನಾ ಪುಸ್ತಕದಿಂದ ನಕ್ಷೆಗೆ ಇಳಿಸುತ್ತಿದ್ದವನು ನಾನೇ. ಆದರೆ ಇಲ್ಲಿಗೆ ಬಂದಾಗ ನಾನು ಫೋಟೋಗ್ರಾಫರ್ ಆಗಿದ್ದೆ. ಟೇಪು ಕಂಡ ಕೂಡಲೇ ಫೋಕಸ್ಸು ಎಂದುಕೊಂಡೆ, ಒಂಟೆ ಕಂಡ ಕೂಡಲೇ ಓಡಿದೆ. ಕಂಬದಿಂದ ಅವರು ಅಳೆದದ್ದನ್ನು ನೋಡಲೇ ಇಲ್ಲ.

ಅವರು ಬಲಕ್ಕೆ ನಾಲ್ಕು ಅಡಿ ಸರಿದು ನೆಲ ತಡವಿದರು. ಬೆರಳಿಗೆ ಮೆತ್ತನೆಯ ಮಣ್ಣು ಸಿಕ್ಕಿತು. ಆಮೇಲೆ ಗೂಟದ ಮುಂದೆ ಕುಕ್ಕರಗಾಲಲ್ಲಿ ಕೂತು ಅದರ ನೆತ್ತಿಯ ಮೊಳೆ, ಪಟ್ಟಿಯ ಗಂಟು ಎಲ್ಲ ನಿಧಾನವಾಗಿ ನೋಡಿದರು.

'ಯಾರೋ ಪಿಕ್ನಿಕ್‌ನವರು ಇರ್ಬೇಕು' ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

'ಅವ್ರು ಕಿತ್ತು ಬಿಸಾಡ್ತಾರೆ ಸಾರ್. ಒಂಟೆ ಎಡವಿದ್ರೆ ಓರೆ ಆಗ್ತದೆ. ಇದು ನೋಡಿ, ಎಷ್ಟು ನೆಟ್ಟಗುಂಟು. ನಾನು ಹೊಡೆದದ್ದಕ್ಕಿಂತ ನೆಟ್ಟಗುಂಟು.' ಗೂಟವನ್ನೇ ನೋಡುತ್ತಾ ಹೇಳಿದರು. 'ಕಲ್ಲಿಂದ ಅಳತೆ ಕರೆಕ್ಟ್ ಉಂಟು. ಕಂಬದಿಂದ ಇಲ್ಲ.'

ಅಷ್ಟೇ. ಅವರು ಕಲ್ಲಿನಿಂದ ಅಳೆದದ್ದನ್ನು ನೋಡಿ, ಕಂಬದಿಂದ ಅಳೆದದ್ದನ್ನು ನೋಡದೆ ಹೋದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದ. ಅವನು ಅವರ ಪಕ್ಕದಲ್ಲೇ ನಿಂತು ಬೆವರುತ್ತಿದ್ದ. ಅವರು ಬೈಯಲಿ ಎಂದು ಕಾದೆ. ತಲೆಯೆತ್ತಿ ನನ್ನ ಮುಖ ನೋಡಲಿ ಎಂದಾದರೂ ಕಾದೆ. ಅವರು ಎದ್ದು ಪ್ಯಾಂಟಿನ ಮಣ್ಣು ಕೊಡವಿ, ಹಳೆಯ ಜಾಗದಲ್ಲಿ ಮುಕ್ಕಾಲಿ ನಿಲ್ಲಿಸಿ, ಚಹಾ ಕುಡಿದು, ಹೊತ್ತು ಸರಿಯಾದಾಗ ಒಂದು ಫೋಟೋ ತೆಗೆದರು. ನನಗೂ ಒಂದು ಲೋಟ ಚಹಾ ಕೊಟ್ಟಿದ್ದರು. ಅದನ್ನು ಹಿಡಿದುಕೊಂಡೇ ನಿಂತಿದ್ದೆ.

ಇನ್ನು ಮಡಚುತ್ತಾರೆ ಎಂದುಕೊಂಡಾಗ ಅವರು ಮುಕ್ಕಾಲಿ ಎತ್ತಿಕೊಂಡು ನಾಲ್ಕು ಅಡಿ ಎಡಕ್ಕೆ, ನನ್ನ ಗೂಟದ ಮೇಲೆ ತಂದಿಟ್ಟರು. ಬಗ್ಗಿ ನೋಡಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

'ಬನ್ನಿ ಸಾರ್, ನೋಡಿ.'

ನೋಡಿದೆ. ಹಳೆಯ ಜಾಗದಿಂದ ಕಲ್ಲಿಗೂ ದಿಬ್ಬದ ತುದಿಗೂ ನಡುವೆ ಇನ್ನೂ ಒಂದಿಷ್ಟು ಬಿಳಿ ನೆಲ ಕಾಣುತ್ತಿತ್ತು. ಇಲ್ಲಿಂದ ಅದು ಮುಚ್ಚಿಹೋಗಿತ್ತು. ದಿಬ್ಬ ನಿಜವಾಗಿ ಇನ್ನೂ ಹದಿನೈದು ಹೆಜ್ಜೆ ಹಿಂದಿದ್ದರೂ ಅದರ ತುದಿ ಕಲ್ಲಿನ ಬೆನ್ನಿಗೆ ಬಂದು ತಾಗಿದ ಹಾಗಿತ್ತು. ಅಷ್ಟು ದೂರದಿಂದ, ಅಷ್ಟು ತಿಂಗಳು ನಡೆದುಕೊಂಡು ಬಂದದ್ದು ಕೊನೆಗೆ ಮುಟ್ಟಿತ್ತು. ಎದೆ ಜುಮ್ಮೆಂದಿತು. ಗೂಟ ಹಿಡಿದು ನಡೆಯುತ್ತಿದ್ದಾಗ ಕಾಲು ನಿಂತದ್ದು ಇದಕ್ಕೇ ಎಂದು ಆಗ ತಿಳಿಯಿತು.

'ಚಂದ ಉಂಟಲ್ಲ? ಬಲಕ್ಕೆ ನೆಡಬಹುದಿತ್ತು, ಹಿಂದೆ ನೆಡಬಹುದಿತ್ತು. ಹಾಳು ಮಾಡ್ಲಿಕ್ಕೆ ಎಲ್ಲಿ ನೆಟ್ರೂ ಆಗ್ತಿತ್ತು. ಇಲ್ಲೇ ನೆಟ್ಟಿದ್ದಾನೆ. ಯಾರೇ ಆಗ್ಲಿ ಮಾರಾಯ್ರೆ, ಕಣ್ಣುಂಟು ಅವನಿಗೆ.'

ಕ್ಯಾಮೆರಾದ ಗುಂಡಿ ಮುಟ್ಟದೆ ಒತ್ತಲು ಅವರದ್ದೊಂದು ಉದ್ದನೆಯ ತಂತಿ ಇತ್ತು. ಅದರ ತುದಿಯನ್ನು ನನ್ನತ್ತ ಚಾಚಿದರು. 'ನೀವು ಒತ್ತುತ್ತೀರಾ?'

ನಾನು ಒತ್ತಬಹುದಿತ್ತು. ಒತ್ತಿದ್ದರೆ ಅದು ನನ್ನ ಫೋಟೋ. ಆದರೆ ಆ ತಂತಿ ಹಿಡಿದ ಕ್ಷಣ, ಹೌದು, ಗೂಟ ಸರಿಸಿದವನು ನಾನೇ ಎಂದ ಹಾಗಾಗುತ್ತದೆ. ಅವರಿಗೆ ಗೊತ್ತಿತ್ತು, ಅವರಿಗೆ ಗೊತ್ತಿದೆ ಎಂದು ನನಗೂ ಗೊತ್ತಿತ್ತು, ಆದರೂ ಎರಡೂ ಕೈಯನ್ನು ಜೇಬಿಗೆ ತುರುಕಿಕೊಂಡೆ.

'ಬೇಡ ಸಾರ್. ನಿಮ್ಮ ಕೆಲಸ, ನೀವೇ ಮುಗಿಸಿ.'

ಅವರು ಇನ್ನೂ ಒಂದು ಗಳಿಗೆ ತಂತಿ ಚಾಚಿಕೊಂಡೇ ನಿಂತಿದ್ದರು. ಆಮೇಲೆ ತಾವೇ ಒತ್ತಿದರು.

ರೋಲು ಅರ್ಧ ಉಳಿದಿದ್ದರೂ ಮರುದಿನವೇ ತೊಳೆಸಿದರು. ನವೆಂಬರಿನಲ್ಲಿ ನನ್ನ ಗೋಡೆಯ ಮೇಲೆ ಅವರ ಹನ್ನೆರಡು ಫೋಟೋ ಏರಿದವು. ಪ್ರತಿಯೊಂದರ ಕೆಳಗೆ ಸೈಟಿನ ಪುಸ್ತಕದಲ್ಲಿ ಬರೆಯುವ ಹಾಗೆ ತಿಂಗಳು, ಹೊತ್ತು, ಕ್ಯಾಮೆರಾದ ಎತ್ತರ ಬರೆದ ಸಣ್ಣ ಚೀಟಿ. ಹನ್ನೆರಡನೆಯದಾಗಿ ಅವರು ತೂಗುಹಾಕಿದ್ದು ಎಡಗಡೆಯ ಗೂಟದಿಂದ ತೆಗೆದದ್ದನ್ನು. ಅದರ ಚೀಟಿಯಲ್ಲಿ ಇನ್ನೊಂದು ಸಾಲಿತ್ತು: 'ಗೂಟ ನಾಲ್ಕು ಅಡಿ ಎಡಕ್ಕೆ ಸರಿದಿದೆ.' ಯಾರು ಸರಿಸಿದ್ದು ಎಂದು ಯಾರೂ ಕೇಳಲಿಲ್ಲ. ಜನ ಮೊದಲ ಹನ್ನೊಂದರ ಮುಂದೆ ನಡೆಯುತ್ತಾ ಬಂದು ಕೊನೆಯದರ ಮುಂದೆ ನಿಂತುಬಿಡುತ್ತಿದ್ದರು. ಹಾದಿಯಲ್ಲಿ ಗುಂಪು ಕಟ್ಟಿ ಕಾರ್ಯಕ್ರಮ ಶುರುವಾಗುವುದೇ ತಡವಾಯಿತು. ಆ ಗುಂಪಿನ ಫೋಟೋ ತೆಗೆಯುವ ಕೆಲಸ ನನ್ನದಾಗಿತ್ತು, ತೆಗೆದೆ.

ನನ್ನ ಹೆಂಡತಿ ರೇಷ್ಮೆ ಸೀರೆಯಲ್ಲಿ ಬಂದು ಆ ಕೊನೆಯದರ ಮುಂದೆ ನಿಂತಳು. ಬಹಳ ಹೊತ್ತು ನಿಂತಳು. ನನ್ನ ತೋಳು ಹಿಡಿದು ಪಿಸುಮಾತಿನಲ್ಲಿ, 'ರೀ, ಹನ್ನೊಂದೂ ಚೆನ್ನಾಗಿವೆ. ಆದ್ರೆ ಇದೊಂದು ನನಗೆ ಮನೇಲಿ ಬೇಕು ಅನ್ಸುತ್ತೆ. ಇದನ್ನ ಬೇರೆ ಯಾರೋ ನಿಂತು ನೋಡಿದ ಹಾಗಿದೆ. ಅವರನ್ನ ಒಂದು ಕಾಪಿ ಕೇಳ್ತೀರಾ?' ಎಂದಳು.

ನನ್ನದೇ ಕಣೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹನ್ನೊಂದು ವರ್ಷದಿಂದ ಅವಳ ಬಾಯಲ್ಲಿ ಕೇಳಬೇಕೆಂದಿದ್ದ ಮಾತು ಅದು. ಬಂದು ನನ್ನ ಕಿವಿಗೇ ಬಿತ್ತು, ನನಗೆ ಸಲ್ಲಲಿಲ್ಲ.

ಕಾಪಿ ಕೇಳಿದೆ. ವಾರದೊಳಗೆ ಚೌಕಟ್ಟು ಹಾಕಿಸಿ ತಂದುಕೊಟ್ಟರು. ಹಿಂಬದಿಯ ಹಲಗೆಯ ಮೇಲೆ ಪೆನ್ಸಿಲಿನಲ್ಲಿ, ಅದೇ ಸೈಟಿನ ಅಕ್ಷರದಲ್ಲಿ ಎರಡು ಸಾಲು ಬರೆದಿತ್ತು. 'ಜಾಗ: ನೀವು. ಒತ್ತಿದ್ದು: ನಾನು.' ಅದಾಗಿ ಎರಡು ವರ್ಷಕ್ಕೆ ಅವರು ಊರಿಗೆ ಹೋದರು. ನಮ್ಮ ನಡುವೆ ಆ ಗೂಟದ ಮಾತು ಮತ್ತೆ ಬರಲೇ ಇಲ್ಲ.

ನಾವೂ ಮೈಸೂರಿಗೆ ಬಂದು ವರ್ಷಗಳಾದವು. ಅದಾದ ಮೇಲೆ ನಾನು ಎಷ್ಟು ಕಡೆ ನಿಂತಿದ್ದೇನೋ ಲೆಕ್ಕವಿಲ್ಲ, ಕಾಲು ತಾನಾಗಿ ನಿಂತದ್ದು ಒಂದು ಸಲವೂ ಇಲ್ಲ. ಚಿತ್ರ ನಮ್ಮ ನಡುಮನೆಯಲ್ಲಿದೆ. ದೂಳು ಒರೆಸುವುದು ನಾನೇ. ಹಿಂಬದಿ ಹೆಂಡತಿಯ ಕಣ್ಣಿಗೆ ಬೀಳುವುದು ನನಗೆ ಬೇಡ. ಮನೆಗೆ ಬಂದವರೆಲ್ಲ ಅದರ ಮುಂದೆ ನಿಲ್ಲುತ್ತಾರೆ. ಯಾರು ತೆಗೆದದ್ದು ಎಂದು ಕೇಳುತ್ತಾರೆ. ದೋಹಾದಲ್ಲಿ ನಮ್ಮ ಸರ್ವೆಯರ್ ಒಬ್ಬರಿದ್ದರು, ಅವರು ತೆಗೆದದ್ದು ಅನ್ನುತ್ತೇನೆ. ಅಷ್ಟರಲ್ಲಿ ಅವಳು ಕಾಫಿ ಲೋಟ ಹಿಡಿದುಕೊಂಡು ಬಂದು, 'ಇವರೂ ಫೋಟೋ ತೆಗೀತಿದ್ರು. ಬೇಕಾದಷ್ಟು ಸೂರ್ಯಾಸ್ತ ಇದೆ. ಆಲ್ಬಮ್ ತರಲಾ?' ಎಂದು ಕೇಳುತ್ತಾಳೆ.

'ಬೇಡ ಬಿಡೇ' ಎನ್ನುತ್ತೇನೆ.